ಕೈಬಿಗಿ

ಬಾಷಾ ಸಾಬರ ಎರಡು ಕಾಲುಗಳು ಮಾತ್ರ ಕಾರಿನಡಿಯಿಂದ ಹೊರಗಿದ್ದವು. ಬಲಗಾಲಿನ ಹೆಬ್ಬೆರಳು ಆಗಾಗ ಅಲ್ಲಾಡುತ್ತಿತ್ತು. ಆ ಹೆಬ್ಬೆರಳು ತನ್ನ ಕಡೆ ನೋಡಿ ಏನೋ ಲೆಕ್ಕ ಹಾಕುತ್ತಿದೆ ಎಂದು ಪರ್ವತಯ್ಯನಿಗೆ ಅನ್ನಿಸತೊಡಗಿ, ಕುಳಿತಲ್ಲೇ ಪಂಚೆಯನ್ನು ಮೊಣಕಾಲ ಕೆಳಗೆ ಎಳೆದುಕೊಂಡ. ಮಧುಗಿರಿಯ ಹೈಸ್ಕೂಲಿನಲ್ಲಿ ಹದಿನೇಳು ವರ್ಷದಿಂದ ಕನ್ನಡ ಪಂಡಿತನಾಗಿರುವವನು, ಶಿರಾದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ತಗಡಿನ ಷೆಡ್ಡಿನಲ್ಲಿ, ಮೆಕ್ಯಾನಿಕ್ಕಿನ ಕಾಲ್ಬೆರಳಿಗೆ ಹೆದರುವ ಕಾರಣವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕಾರಣ ಇತ್ತು. ಬಾಷಾ ಸಾಬರು ಈಗ ಬೆರಳು ತೂರಿಸಿ ನೋಡುತ್ತಿದ್ದ ತೂತನ್ನು ಕೆಡಿಸಿದವನು ಪರ್ವತಯ್ಯನೇ. ಕೆಡಿಸಿದ್ದು ತನ್ನ ಭಾಮೈದ ಯತ್ತಪ್ಪ ಎಂದು ಮೂರು ವಾರದಿಂದ ಊರಿಗೆಲ್ಲ ಹೇಳಿಕೊಂಡು ಬಂದವನೂ ಅವನೇ. ಭಾನುವಾರದ ಬಿಸಿಲು ಆಗಲೇ ತಗಡಿನ ಮೇಲೆ ಚಟಚಟ ಅನ್ನುತ್ತಿತ್ತು.

ಊರವರು ಆ ಕಾರನ್ನು ಆಮೆ ಎನ್ನುತ್ತಿದ್ದರು. ವೈ.ಎನ್. ಹೊಸಕೋಟೆ ಕಡೆ ಬೋರ್‌ವೆಲ್ ಕೊರೆಸಲು ಬಂದಿದ್ದ ಬಿಳಿ ಪಾದ್ರಿಯೊಬ್ಬ ತನ್ನ ದೇಶಕ್ಕೆ ಹಿಂದಿರುಗುವಾಗ ಬಿಟ್ಟುಹೋದ ಗಾಡಿ ಅದು. ಅದರ ಇಂಜಿನ್ನು ಹಿಂದುಗಡೆ. ಪರ್ವತಯ್ಯ ಅದನ್ನು ತರಲು ಹೋದ ದಿನ ಅಲ್ಲಿನ ಮುದುಕನೊಬ್ಬ ಮುಂದಿನ ಮುಚ್ಚಳ ಎತ್ತಿ, ಒಳಗೆ ಬರೀ ಸ್ಟೆಪ್ನಿ ಇರುವುದನ್ನು ಕಂಡು, "ಇಂಜಿನೇ ಲೇದು ಕದಯ್ಯಾ, ಎಟ್ಲಾ ಪೋತಾವು" ಎಂದು, ಇಂಜಿನ್ನೇ ಇಲ್ಲದೆ ಹೇಗೆ ಹೋಗುತ್ತಾನೋ ಎಂದು ತೆಲುಗಿನಲ್ಲಿ ಮರುಗಿದ್ದ. ಆದರೂ ಅದು ಓಡಿತು. ಕುರಿಹಟ್ಟಿಯಲ್ಲಿ ಹುಟ್ಟಿ, ಬಿ.ಎ. ಮಾಡಿ, ಪಂಡಿತ ಪರೀಕ್ಷೆ ಪಾಸು ಮಾಡಿದವನು ಸ್ವಂತ ಕಾರಿನಲ್ಲಿ ಮಧುಗಿರಿಯ ಡೂಮ್‌ಲೈಟ್ ಸರ್ಕಲ್ಲು ಸುತ್ತಿದಾಗ, ಇಬ್ಬರು ಹಳೇ ವಿದ್ಯಾರ್ಥಿಗಳು ಸೈಕಲ್ಲಿನಿಂದ ಇಳಿದು ನಮಸ್ಕಾರ ಮಾಡಿದ್ದರು. ಅವನು ಸೈಕಲ್ಲಿನಲ್ಲಿ ಹೋಗುವಾಗ ಅವರು ಯಾವತ್ತೂ ಇಳಿದಿರಲಿಲ್ಲ. ಇವತ್ತು ಅದೇ ಕಾರನ್ನು, ಸೋರುವ ತೂತಿಗೆ ಬಾರ್ ಸೋಪು ಮೆತ್ತಿ, ಐದೈದು ಮೈಲಿಗೆ ನಿಲ್ಲಿಸಿ ಅಡಿಗೆ ಬಗ್ಗಿ ನೋಡುತ್ತ ಶಿರಾದವರೆಗೆ ತಂದಿದ್ದ. ಬಗ್ಗಿದಾಗಲೆಲ್ಲ ಒಳಗೆ ಕೂತ ಹೆಂಡತಿ ನಾಗಕ್ಕ ರಸ್ತೆಯ ಆಚೆ ಬದಿಯ ಜಾಲಿಮರ ನೋಡುತ್ತಿದ್ದಳು. ತನ್ನ ತಮ್ಮ ಮಾಡಿದ ತಪ್ಪಿಗೆ ಗಂಡ ಮಣ್ಣಿನಲ್ಲಿ ಮಂಡಿಯೂರುವುದನ್ನು ನೋಡಲಾರದೆ ಅವಳು ಅತ್ತ ತಿರುಗುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಅವಳು ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ಈಗ ಅವಳು ಷೆಡ್ಡಿನ ಹಿಂದಿನ ಮನೆಯಲ್ಲಿ, ಬಾಷಾ ಸಾಬರ ಹೆಂಡತಿ ರಹಮತ್ ಬಿಯ ಜೊತೆ ಮಾತಾಡುತ್ತ ಕೂತಿದ್ದಳು.

ಮೂರು ವಾರದ ಹಿಂದಿನ ಆ ಶನಿವಾರ ಅವಳು ಮನೆಯ ಹೊಸಿಲಲ್ಲಿ ಕೂತಿದ್ದಳು, ಮೊರದಲ್ಲಿ ಅಕ್ಕಿ ಇತ್ತು. ಮೆಕ್ಯಾನಿಕ್ಕಾಗಿದ್ದ ಯತ್ತಪ್ಪ ಕೊರಟಗೆರೆಯಿಂದ ಮಧ್ಯಾಹ್ನದ ಬಸ್ಸಿಗೆ ಬಂದು, ಇಂಜಿನ್ನಿನ ತಳದ ಬೋಲ್ಟು ಬಿಚ್ಚಿ, ಹಳೇ ಎಣ್ಣೆ ಇಳಿಯಲು ಬಾಣಲೆ ಇಟ್ಟಿದ್ದ. ಎಣ್ಣೆ ಪೂರ್ತಿ ಸೋರಲು ಬೆಳಗಿನವರೆಗೆ ಬೇಕು, ಹೊಸ ಎಣ್ಣೆ ತರಿಸಿಡಿ ಎಂದ. ಪರ್ವತಯ್ಯ ಬಾಣಲೆಯ ಕರಿಯ ಎಣ್ಣೆಯನ್ನು ಸ್ವಲ್ಪ ಹೊತ್ತು ನೋಡಿ, ಇದನ್ನೇ ಬಟ್ಟೆಯಲ್ಲಿ ಸೋಸಿ ಹುಯ್ದರೆ ಆಗುವುದಿಲ್ಲವೇ ಎಂದು ಕೇಳಿದ. ಯತ್ತಪ್ಪ ನಗಲಿಲ್ಲ. ಆಗುವುದಿಲ್ಲ ಭಾವ ಎಂದು ಕೈ ಒರೆಸಿಕೊಂಡ. ನಗದೇ ಇದ್ದದ್ದು ಪರ್ವತಯ್ಯನಿಗೆ ನಾಟಿತು. ಅವನ ಬಿಗಿತನ ಸ್ಟಾಫ್ ರೂಮಿನಲ್ಲಿ ಸುಪ್ರಸಿದ್ಧ. ಉಳಿದ ಸೀಮೆಸುಣ್ಣದ ಚೂರನ್ನು ಜೇಬಿಗೆ ಹಾಕಿಕೊಳ್ಳುವುದು, ಹಳೇ ಉತ್ತರಪತ್ರಿಕೆಯ ಬೆನ್ನಿಗೆ ಟಿಪ್ಪಣಿ ಬರೆಯುವುದು, ಕಾಫಿ ತರಿಸಿದರೆ ಇಬ್ಬರಿಗೆ ಒಂದು ಲೋಟ. ಅವರು ನಗುತ್ತಾರೆಂದು ಅವನಿಗೆ ಗೊತ್ತು, ತಾನೂ ಜೊತೆಗೆ ನಕ್ಕು ಮನೆಗೆ ಬಂದು ಒಳಗೊಳಗೇ ಉರಿಯುವುದೂ ಅಭ್ಯಾಸವಾಗಿತ್ತು. ಅಷ್ಟರಲ್ಲಿ ಹೆಡ್‌ಮಾಸ್ಟರು ಹೇಳಿಕಳಿಸಿದರೆಂದು ಶಾಲೆಗೆ ಹೋದ. ಹಿಂದಿರುಗುವ ಹೊತ್ತಿಗೆ ಯತ್ತಪ್ಪ ಬಸ್ಸು ಹಿಡಿದು ಹೋಗಿಯಾಗಿತ್ತು. ನಾಗಕ್ಕ ಅಕ್ಕಿಯಿಂದ ತಲೆ ಎತ್ತದೆ ಹೇಳಿದಳು: "ಬೆಳಿಗ್ಗೆ ಬೋಲ್ಟ್ ಹಾಕಿ ಹೊಸ ಎಣ್ಣೆ ಹುಯ್ಕಬೇಕಂತೆ. ಕೈಬಿಗಿ ಸಾಕು ಅಂತ ಹೇಳು ಭಾವಂಗೆ ಅಂದ."

ಎಣ್ಣೆಯ ಮಾತು, ಅದರ ಬೆನ್ನಿಗೇ ಕೈಬಿಗಿಯ ಮಾತು. ಅರ್ಥ ಮಾಡಿಕೊಳ್ಳಲು ಪಂಡಿತನೇ ಆಗಬೇಕಿರಲಿಲ್ಲ. ಇನ್ನಾದರೂ ಕೈ ಬಿಗಿ ಹಿಡಿಯುವುದನ್ನು ಬಿಡಲಿ, ಜಿಪುಣತನ ಸಾಕು ಅಂತ ಭಾವನಿಗೆ ಹೇಳು. ಅದನ್ನು ಅಕ್ಕನ ಬಾಯಲ್ಲಿ ಹೇಳಿ ಕಳಿಸಿದ್ದಾನೆ, ಎದುರಿಗೆ ಹೇಳುವ ಎದೆಗಾರಿಕೆಯಿಲ್ಲದೆ. ಅದನ್ನು ಒಪ್ಪಿಸುವಾಗ ಇವಳಿಗೆ ಸಂಕೋಚವೂ ಆಗಲಿಲ್ಲ, ಕಲ್ಲು ಆರಿಸುತ್ತಲೇ ಇದ್ದಾಳೆ. ಹಾಗಾದರೆ ಇವಳ ಅಭಿಪ್ರಾಯವೂ ಅದೇ. ಆ ಸಂಜೆ ಅವನು ಊಟದಲ್ಲಿ ತುಪ್ಪ ಬೇಡವೆಂದ. ಬೆಳಿಗ್ಗೆ ಎದ್ದವನೇ ಕಾರಿನಡಿ ನುಸುಳಿ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಬಿಗಿಯಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳಗಿನದು ನಿಲ್ಲಲಿಲ್ಲ. ಕೈಬಿಗಿಯಂತೆ, ಕೈಬಿಗಿ ಎನ್ನುತ್ತ ಹಿತ್ತಲಿಂದ ಎರಡು ಅಡಿ ಪೈಪು ತಂದು ಸ್ಪ್ಯಾನರಿನ ಬಾಲಕ್ಕೆ ತೊಡಿಸಿ, ಕಾಲನ್ನು ಚಕ್ರಕ್ಕೆ ಒತ್ತಿಕೊಟ್ಟು ಎಳೆದ. ಪೈಪು ಅಲುಗಲಿಲ್ಲ. ಮತ್ತೂ ಎಳೆದ. ಆಗ ಇದ್ದಕ್ಕಿದ್ದಂತೆ ಎಲ್ಲ ಹಗುರಾಯಿತು. ಆ ಹಗುರ ಇವತ್ತಿಗೂ ಅವನ ಅಂಗೈಯಲ್ಲಿತ್ತು. ಪಾಠ ಮಾಡುವಾಗ, ಸ್ನಾನ ಮಾಡುವಾಗ, ಕೈ ಸುಮ್ಮನೆ ಇದ್ದಾಗಲೆಲ್ಲ ಅದು ನೆನಪಾಗುತ್ತಿತ್ತು. ಹೊಸ ಎಣ್ಣೆ ಹುಯ್ದದ್ದು ಹುಯ್ದಂತೆಯೇ ತೊಟ್ಟಿಕ್ಕಿತು. ಸದ್ದು ಕೇಳಿ ಹೊರಬಂದ ನಾಗಕ್ಕ ಏನಾಯಿತೆಂದಳು. ನಿನ್ನ ತಮ್ಮನ ಕೆಲಸ, ಬಿಚ್ಚುವಾಗಲೇ ಥ್ರೆಡ್ಡು ಕಿತ್ತಿದ್ದಾನೆ ಎಂಬ ಮಾತು ಅವನ ಬಾಯಿಂದ ಯೋಚನೆಯಿಲ್ಲದೆ ಬಂತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆದರೆ ಒಮ್ಮೆ ಹೇಳಿದ ಮೇಲೆ ಅದಕ್ಕೆ ಒಪ್ಪವಾದ ವಾಕ್ಯಗಳು ತಾವಾಗಿ ಕೂಡಿಕೊಂಡವು, ಸೋಮವಾರ ಸ್ಟಾಫ್ ರೂಮಿನಲ್ಲಿ ಅದನ್ನು ಹೇಳುವಾಗ ಉಪಮಾಲಂಕಾರವೂ ಬಂತು.

ಬಾಷಾ ಸಾಬರು ಕಾರಿನಡಿಯಿಂದ ತೆವಳಿ ಹೊರಬಂದು ಗೋಡೆಗೆ ಒರಗಿ ಕೂತರು. ಅರವತ್ತು ದಾಟಿದ ಮನುಷ್ಯ, ಎರಡೂ ಕಣ್ಣಿಗೆ ಪೊರೆ. ನೋಡುವುದೇನಿದ್ದರೂ ಬಲಗೈ ತೋರುಬೆರಳಿನ ಉಗುರಿನಿಂದ. ಆ ಉಗುರನ್ನು ಅವರು ಪಂಚೆಗೆ ಒರೆಸಿಕೊಂಡರು. "ಚೂಡಿ ಪೂರಾ ಸತ್ತೋಗಿದೆ ಮೇಷ್ಟ್ರೇ. ಪೈಪ್ ಹಾಕಿ ಕೊಂದಿದ್ದಾನೆ" ಎಂದರು. ಥ್ರೆಡ್ಡಿಗೆ ಅವರು ಚೂಡಿ ಎನ್ನುತ್ತಿದ್ದರು, ಬಳೆ ಎಂದು ಅರ್ಥ. ತೂತಿನೊಳಗೆ ಒಂದರ ಮೇಲೊಂದು ಬಳೆ ತೊಡಿಸಿದ ಹಾಗೆ ಇರುತ್ತದಲ್ಲ, ಅದಕ್ಕೆ. ಬೇರೆ ಹೊತ್ತಾಗಿದ್ದರೆ ಪರ್ವತಯ್ಯ ಆ ಮಾತನ್ನು ಬರೆದುಕೊಳ್ಳುತ್ತಿದ್ದ. ಈಗ, ಈ ಮೆಕ್ಯಾನಿಕ್ಕುಗಳೇ ಹೀಗೆ ಎಂದು ಏನೋ ಗೊಣಗಿದ. ಗೊತ್ತು, ಯತ್ತಪ್ಪ ಎಂದರು ಸಾಬರು. ಕೊರಟಗೆರೆ ಬಸ್ಸಿನವರು ಬಂದು ಹೇಳಿದ್ದರಂತೆ. ಹೋದ ವಾರ ಅವನನ್ನು ಕರೆಸಿ, ನೀನು ಕೊಂದಿದ್ದು ಹೌದಾ ಎಂದು ಕೇಳಿದರಂತೆ. ಯತ್ತಪ್ಪ ತಲೆ ತಗ್ಗಿಸಿ ನಿಂತನಂತೆ. ಇಲ್ಲ ಎನ್ನಲಿಲ್ಲವಂತೆ.

ತನ್ನ ಭಾಮೈದ ಬಾಷಾ ಸಾಬರ ಶಿಷ್ಯನೆಂದು ಪರ್ವತಯ್ಯನಿಗೆ ಗೊತ್ತಿತ್ತು. ಅದರ ಅರ್ಥ ಏನೆಂದು ಗೊತ್ತಿರಲಿಲ್ಲ. ಸಾಬರು ಲೋಹ ಕಡೆಯುವ ಲೇತಿನ ಮುಂದೆ ಕೂತು ಹಿತ್ತಾಳೆಯ ಸರಳನ್ನು ಹಿಡಿಗೆ ಕಚ್ಚಿಸುತ್ತ, ಬೇಸರದ ದನಿಯಲ್ಲಿ ಅದನ್ನು ಹೇಳಿದರು. ಈ ಷೆಡ್ಡಿನಲ್ಲಿ ಒಂದು ಕಟ್ಟಳೆ. ಚೂಡಿ ಕೊಂದವನು ಒಂದು ವರ್ಷ ಟ್ಯಾಪ್ ಮುಟ್ಟುವ ಹಾಗಿಲ್ಲ. ಟ್ಯಾಪ್ ಎಂದರೆ ಹೊಸ ಚೂಡಿ ಕೊರೆಯುವ ಉಕ್ಕಿನ ಹತಾರ, ಅವರ ಉಸ್ತಾದರಿಂದ ಬಂದ ಒಂದು ಪೂರಾ ಪೆಟ್ಟಿಗೆ ಅವರಲ್ಲಿತ್ತು. ಕಣ್ಣು ಹೋಯಿತೆಂದು ಅವರು ರಂಜಾನ್ ಮುಗಿದ ಕೂಡಲೇ ಹಿಂದೂಪುರದ ಮಗಳ ಮನೆಗೆ ಹೋಗುವವರಿದ್ದರು. ಪೆಟ್ಟಿಗೆ, ಲೇತು, ಷೆಡ್ಡು ಎಲ್ಲ ಯತ್ತಪ್ಪನಿಗೆ ಎಂದು ಹತ್ತು ವರ್ಷದಿಂದ ಮನಸ್ಸಿನಲ್ಲಿತ್ತು, ಈ ವರ್ಷ ಬಾಯಿಬಿಟ್ಟೂ ಹೇಳಿದ್ದರು. ಈಗ ಕಟ್ಟಳೆ ಮುರಿಯುವುದು ಹೇಗೆ. ಅಣ್ಣನ ಮಗ ಇನಾಯತುಲ್ಲಾನಿಗೆ ಕೊಡಬೇಕು. ಅವನದು ಟೈರಿನ ವ್ಯಾಪಾರ, ಒಳ್ಳೆಯ ಹುಡುಗನೇ, ಆದರೆ ಲೇತನ್ನು ಗುಜರಿಗೆ ಹಾಕಿ ಇಲ್ಲಿ ಟೈರು ಪೇರಿಸುತ್ತಾನೆ. ಇವತ್ತು ಯತ್ತಪ್ಪ ಬಂದು ಇಲ್ಲಿರುವ ತನ್ನ ಸಾಮಾನು ಒಯ್ಯುತ್ತಾನೆ. ಅಷ್ಟು ಹೇಳಿ ಸಾಬರು ಲೇತಿನ ಗುಂಡಿ ಒತ್ತಿದರು. ಹಿತ್ತಾಳೆ ಕಿರುಗುಟ್ಟುತ್ತ ಹೊಂಬಣ್ಣದ ಸುರುಳಿಗಳನ್ನು ಬಿಡತೊಡಗಿತು.

ಸುರುಳಿಗಳನ್ನು ನೋಡುತ್ತ ಪರ್ವತಯ್ಯನಿಗೆ ಯತ್ತಪ್ಪನ ತಗ್ಗಿದ ತಲೆ ಕಣ್ಣಿಗೆ ಕಟ್ಟಿತು. ಆ ತಲೆಯನ್ನು ಅವನು ಚೆನ್ನಾಗಿ ಬಲ್ಲ, ನಡುನೆತ್ತಿಯಲ್ಲಿ ಎರಡು ಸುಳಿ. ನಾಗಕ್ಕ ಕೊರಟಗೆರೆಗೆ ಹೋಗಿ, ಭಾವನ ಕಾರು ಹಾಳು ಮಾಡಿದೆಯಲ್ಲೋ, ಅವರ ಮುಂದೆ ನಾನು ಹೆಂಗೆ ತಲೆ ಎತ್ತಲಿ ಎಂದು ತಮ್ಮನ ಮೇಲೆ ಹಾರಾಡಿ ಬಂದಿದ್ದಳು. ಬಂದು, ಅವನು ಒಂದು ಮಾತೂ ಆಡಲಿಲ್ಲ ಎಂದು ಅತ್ತಿದ್ದಳು. ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು? ನಾನಲ್ಲ ಅಂದರೆ, ಭಾವ ಸುಳ್ಳುಗಾರ ಎಂದ ಹಾಗೆ. ಅಕ್ಕನ ಗಂಡನನ್ನು ಹಾಗನ್ನುವುದಕ್ಕಿಂತ ತಲೆ ತಗ್ಗಿಸುವುದು ಸಸಾರ ಎಂದು ಅವನು ತೀರ್ಮಾನಿಸಿರಬೇಕು. ಪರ್ವತಯ್ಯನಿಗೆ ಅವನ ಮೇಲೆ ಸಿಟ್ಟು ಬಂತು. ತನ್ನ ಬಿಗಿತನದ ಮೇಲೆ ಚಾಟಿ ಬೀಸಿದವನು ಇಷ್ಟು ದೊಡ್ಡ ಮನಸ್ಸಿನವನಾಗುವುದು ಸರಿಯಲ್ಲ. ಇದರಲ್ಲಿ ಏನೋ ಕಪಟವಿರಬೇಕು. ಹಾಗಂದುಕೊಂಡು ಎರಡು ನಿಮಿಷ ನೆಮ್ಮದಿಯಾಗಿದ್ದ. ಆಮೇಲೆ ಸಾಬರು, ಚೂಡಿ ಕೊರೆಯುವುದನ್ನು ನೋಡಿ ಬನ್ನಿ ಮೇಷ್ಟ್ರೇ, ನನ್ನ ಕೈಯಲ್ಲಿ ಇನ್ನು ಎಷ್ಟು ಸಲವೋ ಎಂದು ಕರೆದರು. ಅವನು ಬಿಳಿ ಪಂಚೆ ಎತ್ತಿಕಟ್ಟಿ ಕಾರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತ.

ಸತ್ತ ತೂತನ್ನು ಅಗಲ ಮಾಡಿಯಾಗಿತ್ತು. ಟ್ಯಾಪಿನ ತೋಡುಗಳಿಗೆ ಗ್ರೀಸು ಮೆತ್ತಿ, ಸೀಮೆಎಣ್ಣೆ ಸವರಿ, ಸಾಬರು ಅದನ್ನು ಒಂದು ಸುತ್ತು ಮುಂದೆ ತಿರುಗಿಸಿ ಅರ್ಧ ಸುತ್ತು ಹಿಂದೆ ತಂದರು. ಮತ್ತೆ ಒಂದು ಮುಂದೆ, ಅರ್ಧ ಹಿಂದೆ. ಹಿಂದೆ ಬರದಿದ್ದರೆ ಅಲ್ಯುಮಿನಿಯಂ ಚೂರು ಸಿಕ್ಕಿಕೊಂಡು ಒಳಗಿರುವುದನ್ನೂ ಕಿತ್ತು ಹಾಕುತ್ತದೆ ಎಂದರು. ಅವರ ಕಣ್ಣುಗಳು ಮುಚ್ಚಿದ್ದವು. ಕೆಲಸ ಪೂರ್ತಿ ಕೈಯಲ್ಲೇ ನಡೆಯುತ್ತಿತ್ತು. ಇಷ್ಟು ನಿಧಾನವಾಗಿ ಒಬ್ಬ ಮನುಷ್ಯ ಮಾಡುವುದನ್ನು ತಾನು ಎಷ್ಟು ಬೇಗ ಕೆಡಿಸಿದೆನಲ್ಲ ಎಂದು ಪರ್ವತಯ್ಯನಿಗೆ ನಿಜಕ್ಕೂ ನಾಚಿಕೆಯಾಯಿತು. ಲೇತಿನಲ್ಲಿ ಕಡೆದಿದ್ದ, ಹೊರಗೂ ಒಳಗೂ ಚೂಡಿಯಿದ್ದ ಹಿತ್ತಾಳೆಯ ಬುಷ್ಷನ್ನು ಆ ಹೊಸ ತೂತಿಗೆ ತಿರುಗಿಸಿ ಕೂರಿಸಿ, ಅಂಚಿಗೆ ಉಳಿಯಿಂದ ಎರಡು ಏಟು ಕೊಟ್ಟು ಅದು ಅಲುಗದ ಹಾಗೆ ಮಾಡಿದರು. ಸೀಮೆಎಣ್ಣೆ ಹಾಯಿಸಿ ತೊಳೆದರು. ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ ಸ್ಪ್ಯಾನರನ್ನು ಇವನ ಕೈಗೆ ಕೊಟ್ಟರು.

"ನಿಮ್ಮ ಗಾಡಿ, ನೀವೇ ಬಿಗೀರಿ ಮೇಷ್ಟ್ರೇ. ಕೈಬಿಗಿ ಸಾಕು."

ಪರ್ವತಯ್ಯ ಸ್ಪ್ಯಾನರು ಹಿಡಿದು ಹಾಗೇ ಕೂತ. ಏನು ಸಾಕು ಎಂದಿರಿ ಎಂದು ಕೇಳಿದ. ಕೈಬಿಗಿ ಎಂದರು ಸಾಬರು, ಇಷ್ಟು ದೊಡ್ಡ ಮೇಷ್ಟರಿಗೆ ಇದನ್ನೂ ಹೇಳಬೇಕೇ ಎಂಬ ದನಿಯಲ್ಲಿ. ಪೈಪು ಬೇಡ, ಮೈಭಾರ ಬೇಡ, ಮಣಿಕಟ್ಟಿನ ಬಲ ಎಷ್ಟೋ ಅಷ್ಟು. ನಾನು ಹುಡುಗರಿಗೆ ಮೊದಲು ಕಲಿಸುವ ಮಾತೇ ಅದು, ಯತ್ತಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ, ಅವನೇ ಮರೆತನಲ್ಲ. ಪರ್ವತಯ್ಯ ಬೋಲ್ಟನ್ನು ತಿರುಗಿಸಿದ, ಮಣಿಕಟ್ಟು ಎಲ್ಲಿ ಸಾಕೆಂದಿತೋ ಅಲ್ಲಿ ನಿಲ್ಲಿಸಿದ. ಕೈಯಿಂದ ಬಿಗಿ ಕೈಬಿಗಿ. ತೃತೀಯಾ ತತ್ಪುರುಷ. ಹದಿನೇಳು ವರ್ಷ ಹತ್ತನೇ ಕ್ಲಾಸಿಗೆ ಸಮಾಸ ಬಿಡಿಸುವುದನ್ನು ಕಲಿಸಿ, ಒಂದು ಪದಕ್ಕೆ ಎರಡು ವಿಗ್ರಹ ಇರಬಹುದು, ಸಂದರ್ಭ ನೋಡಿರಯ್ಯಾ ಎಂದು ಬೆತ್ತದಿಂದ ಮೇಜು ಕುಟ್ಟಿದವನು, ಮನೆಯ ಹೊಸಿಲಲ್ಲಿ ಬಂದ ಮೂರು ಅಕ್ಷರದ ಪದವನ್ನು ತಪ್ಪಾಗಿ ಬಿಡಿಸಿದ್ದ. ಚಾಟಿಯಲ್ಲ, ಜಾಗ್ರತೆ ಹೇಳಿದ್ದು. ಯತ್ತಪ್ಪ ಕಾರನ್ನು ಉಳಿಸಲೆಂದು ಹೇಳಿ ಕಳಿಸಿದ ಮಾತಿನಿಂದಲೇ ತಾನು ಕಾರನ್ನು ಕೆಡಿಸಿದ್ದ. ಅವನಿಗೆ ಮೊದಲು ನಗು ಬಂತು. ಆಮೇಲೆ ನೋಡಿದರೆ, ಇಷ್ಟು ದಿನ ಸುಳ್ಳಿಗೆ ಆಸರೆಯಾಗಿದ್ದ ಸಿಟ್ಟು ಕಾಲ ಕೆಳಗಿಂದ ಹೋಗಿಬಿಟ್ಟಿತ್ತು.

ಅವನು ಎದ್ದು ನಿಂತು, ತರಗತಿಯಲ್ಲಿ ಹಾಜರಿ ಹೇಳುವ ದನಿಯಲ್ಲಿ, ಚೂಡಿ ಕೊಂದದ್ದು ಯತ್ತಪ್ಪನಲ್ಲ, ನಾನು ಎಂದ. ಬಾಷಾ ಸಾಬರು ಕೈ ತೊಳೆಯುತ್ತಿದ್ದರು. ನಿಲ್ಲಿಸಿದರು. ಪೊರೆಗಣ್ಣುಗಳನ್ನು ಅವನ ಮುಖದ ಮೇಲೆ ಸ್ವಲ್ಪ ಹೊತ್ತು ಇಟ್ಟು, ನಿಧಾನವಾಗಿ ತಲೆಯಾಡಿಸಿ, ಅವನ ಎರಡೂ ಕೈ ಹಿಡಿದುಕೊಂಡರು. "ಎಂಥಾ ಮನಸ್ಸು ನಿಮ್ದು ಮೇಷ್ಟ್ರೇ. ಭಾಮೈದನ ಬಾಳು ಹೋಗುತ್ತೆ ಅಂತ ಅವನ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದೀರಿ." ಪರ್ವತಯ್ಯ ಇಲ್ಲ ಎಂದ. ನಿಜವಾಗಿಯೂ ನಾನೇ ಎಂದ. ಇಲ್ಲ ಎಂದಷ್ಟೂ ಸಾಬರ ಕಣ್ಣು ತೇವವಾಯಿತು. ಓದಿದವರ ಕೈ ಇದು, ಹೂವಿನಂಥ ಕೈ, ಇದರಲ್ಲಿ ಚೂಡಿ ಸಾಯುತ್ತದೆಯೇ ಎಂದು ಅಂಗೈಯನ್ನು ತಡವಿ ನೋಡಿದರು. ತಪ್ಪೊಪ್ಪಿಗೆ ಹೀಗೂ ಕೈಕೊಡಬಹುದು ಎಂದು ಅವನು ಎಣಿಸಿರಲಿಲ್ಲ. ನಲವತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬರು ಅವನನ್ನು ಧಾರಾಳಿ ಎನ್ನುತ್ತಿದ್ದರು. ಅದೂ ಇಂಥ ಹೊತ್ತಿನಲ್ಲಿ.

ಅಷ್ಟರಲ್ಲಿ ಯತ್ತಪ್ಪ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಖಾಲಿ ಗೋಣಿಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು, ಭಾವನನ್ನು ಕಂಡು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಬದ ಪಕ್ಕ ನಿಂತ. ಸಾಬರು ಅವನನ್ನು ಹತ್ತಿರ ಕರೆದರು. ನಿನ್ನ ಭಾವ ನಿನಗಾಗಿ ನನ್ನ ಮುಂದೆ ಸುಳ್ಳು ಹೇಳಿದ್ದಾರೆ, ಇಂಥವರ ಮಾತಿಗೆ ಬೆಲೆ ಕೊಡದಿದ್ದರೆ ನನ್ನ ಕಟ್ಟಳೆಗೆ ಏನು ಮರ್ಯಾದೆ, ಅವರ ಮುಖ ನೋಡಿ ನಿನ್ನನ್ನು ಮಾಫ್ ಮಾಡಿದ್ದೇನೆ, ಪೆಟ್ಟಿಗೆ ನಿನ್ನದೇ, ಭಾವನ ಕಾಲಿಗೆ ಬೀಳು ಎಂದರು. ಹಿಂದಿನ ಬಾಗಿಲ ಪರದೆ ಸರಿಯಿತು. ರಹಮತ್ ಬಿ ಇಣುಕಿದರು, ಅವರ ಭುಜದ ಹಿಂದೆ ನಾಗಕ್ಕ. ನಾಗಕ್ಕ ಗಂಡನನ್ನು ನೋಡಿದ ರೀತಿಯನ್ನು ಅವನು ಬಹಳ ವರ್ಷದಿಂದ ಕಂಡಿರಲಿಲ್ಲ. ಹೆಮ್ಮೆಯಿತ್ತು ಅದರಲ್ಲಿ.

ಎಲ್ಲ ಸರಿಹೋಗಿತ್ತು. ಪೆಟ್ಟಿಗೆ ಯತ್ತಪ್ಪನಿಗೆ ಸಿಕ್ಕಿತು, ಲೇತು ಗುಜರಿಗೆ ಹೋಗುವುದು ತಪ್ಪಿತು, ಹೆಂಡತಿಯ ಕಣ್ಣಲ್ಲಿ ಅವನು ದೊಡ್ಡವನಾದ. ನಿಜ ಹೇಳಿಯೂ ಆಗಿದೆ, ನಂಬದಿದ್ದರೆ ಅದು ಸಾಬರ ಜವಾಬ್ದಾರಿ. ಇದಕ್ಕಿಂತ ಮಿತವ್ಯಯದ ಪ್ರಾಯಶ್ಚಿತ್ತ ಇನ್ನೊಂದಿಲ್ಲ ಎಂದು ಅವನೊಳಗಿನ ಬಿಗಿಪಂಡಿತ ಲೆಕ್ಕ ಹೇಳಿದ. ಸುಮ್ಮನೆ ನಿಂತರೆ ಸಾಕಿತ್ತು. ಯತ್ತಪ್ಪ ಬಂದು ಬಗ್ಗಿದ. ನಡುನೆತ್ತಿಯ ಎರಡು ಸುಳಿ ಕಂಡವು. ಮಾಡದ ತಪ್ಪಿಗೆ ಸಿಕ್ಕ ಮಾಫಿಗೆ ಅವನು ತನ್ನ ಕಾಲು ಮುಟ್ಟುತ್ತಿದ್ದ, ಇನ್ನು ಸಾಯುವವರೆಗೆ ಆ ಪೆಟ್ಟಿಗೆ ತೆರೆದಾಗಲೆಲ್ಲ ಇದು ದಯೆಯಿಂದ ಬಂದದ್ದೆಂದು ನೆನೆಯುತ್ತಾನೆ. ಪರ್ವತಯ್ಯನಿಗೆ ತಡೆಯಲಾಗಲಿಲ್ಲ. ಕಾಲು ಹಿಂದೆಳೆದುಕೊಂಡು, ಮೂಲೆಯ ಗುಜರಿ ರಾಶಿಗೆ ಹೋಗಿ, ಬೋಲ್ಟು ಇನ್ನೂ ಕಚ್ಚಿಕೊಂಡಿದ್ದ ಹಳೆಯ ಅಲ್ಯುಮಿನಿಯಂ ಇಂಜಿನ್ ಕೇಸೊಂದನ್ನು ಎಳೆದು ತಂದು ಎರಡು ಕಲ್ಲಿನ ಮೇಲೆ ಇಟ್ಟ. ಒಂದು ಪೈಪು ಕೊಡಿ ಎಂದ.

ಯಾರೂ ಕೊಡಲಿಲ್ಲ. ತಾನೇ ಹುಡುಕಿಕೊಂಡ. ಎಣ್ಣೆ ಕುಡಿದ ಆ ನೆಲದ ಮೇಲೆ ಬಿಳಿ ಪಂಚೆಯಲ್ಲಿ ಅಂಗಾತ ಮಲಗಿ, ಕೇಸಿನಡಿ ತಲೆ ತೂರಿಸದೆ ಕೈ ಚಾಚಿ, ಬೋಲ್ಟಿಗೆ ಸ್ಪ್ಯಾನರು ಹಾಕಿ ಪೈಪು ತೊಡಿಸಿದ. ಎಳೆದರೆ ಕೇಸೇ ತಿರುಗಿತು. "ಯತ್ತಪ್ಪ, ಹಿಡ್ಕೋ ಇದನ್ನ" ಎಂದ.

"ಬ್ಯಾಡ ಬುಡಿ ಭಾವ. ಎದ್ದೇಳಿ."

"ಹಿಡ್ಕೋ."

ಯತ್ತಪ್ಪ ಅವನ ಮುಖ ನೋಡಿ, ಕೂತು, ಕೇಸನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದ. ಪರ್ವತಯ್ಯ ಕಾಲನ್ನು ಲೇತಿನ ಬುಡಕ್ಕೆ ಒತ್ತಿಕೊಟ್ಟ. ಆವತ್ತು ಹೀಗೇ ಮಲಗಿದ್ದೆ ಎಂದ. ಹೀಗೇ ಎಳೆದೆ. ಪಂಚೆ ತೊಡೆಯ ತನಕ ಸರಿದದ್ದು ಗೊತ್ತಾಯಿತು, ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತದ್ದೂ ಗೊತ್ತಾಯಿತು. ಎಳೆದ. ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, ಹಲ್ಲು ಕಚ್ಚಿ ಎಳೆದ. ಬಿಗಿಯಾಗುತ್ತ ಹೋಗಿ, ಹೋಗಿ, ಇದ್ದಕ್ಕಿದ್ದಂತೆ ಹಗುರಾಯಿತು. ಪೈಪು ಕೈಯಿಂದ ಹಾರಿ ಸದ್ದು ಮಾಡಿತು. ಇದೇ ಎಂದು ಅವನು ಮಲಗಿದಲ್ಲೇ ಏದುಸಿರು ಬಿಟ್ಟ. ಸಾಬರು ಬಗ್ಗಿ ಬೋಲ್ಟನ್ನು ಬೆರಳಿನಿಂದಲೇ ಕಿತ್ತು, ತೂತಿನೊಳಗೆ ಉಗುರಾಡಿಸಿದರು. ಕಾರಿನ ತೂತಿನಿಂದ ಆಗಲೇ ಕಿತ್ತಿಟ್ಟಿದ್ದ ಚೂರುಗಳನ್ನು ಇನ್ನೊಂದು ಕೈಯಲ್ಲಿ ತಡವಿದರು. ಎರಡರಲ್ಲೂ ಚೂಡಿ ಸತ್ತ ರೀತಿ ಒಂದೇ. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಗೋಡೆ ಹಿಡಿದುಕೊಂಡು ನಕ್ಕರು, ಬೀದಿಯವರೂ ನಕ್ಕರು. ಆ ನಗೆಯಲ್ಲಿ ಪರ್ವತಯ್ಯನಿಗೆ ಎಂಥದೋ ಸಮಾಧಾನವಾಯಿತು. ನಗದವರು ಇಬ್ಬರೇ, ಅಕ್ಕ ಮತ್ತು ತಮ್ಮ.

ನೀನು ಯಾಕೆ ತಲೆ ತಗ್ಗಿಸಿದೆ ಎಂದು ಸಾಬರು ಯತ್ತಪ್ಪನನ್ನು ಕೇಳಿದರು. ಅಕ್ಕನ ಗಂಡ ಅಲ್ವಾ ಉಸ್ತಾದ್ ಎಂದ ಅವನು, ಅಷ್ಟರಿಂದ ಎಲ್ಲ ಹೇಳಿ ಮುಗಿಯಿತು ಎಂಬಂತೆ. ಸಾಬರು ಒಳಗಿನಿಂದ ಪೆಟ್ಟಿಗೆ ತಂದು ಅವನ ಕೈಮೇಲೆ ಇಟ್ಟರು. "ಮಾಫಿ ವಾಪಸ್ ತಗೊಂಡಿದೀನಿ. ತಪ್ಪೇ ಇಲ್ಲ ಅಂದ್ಮೇಲೆ ಮಾಫಿ ಯಾವುದಕ್ಕೆ. ಇದು ನಿನ್ನ ಹಕ್ಕು ಬೇಟಾ." ಆಮೇಲೆ ಪರ್ವತಯ್ಯನ ಕಡೆ ತಿರುಗಿ, ಷೆಡ್ಡಿನ ಕಟ್ಟಳೆ ಎಲ್ಲರಿಗೂ ಒಂದೇ, ಮೇಷ್ಟ್ರು ಒಂದು ವರ್ಷ ಸ್ಪ್ಯಾನರು ಮುಟ್ಟುವ ಹಾಗಿಲ್ಲ ಎಂದು ತೀರ್ಪು ಕೊಟ್ಟರು. ಪರ್ವತಯ್ಯ ಕೈಮುಗಿದು ಒಪ್ಪಿಕೊಂಡ. ಬೆನ್ನ ತುಂಬ ಎಣ್ಣೆಯಾಗಿತ್ತು. ರಹಮತ್ ಬಿ ಒಂದು ಹಳೇ ಲುಂಗಿ ಕೊಟ್ಟರು, ಅದನ್ನು ಉಟ್ಟುಕೊಂಡು ಹೊರಬಂದಾಗ ಯತ್ತಪ್ಪ ಆಗಲೇ ಸ್ಟಿಯರಿಂಗ್ ಮುಂದೆ ಕೂತಿದ್ದ, ಪಕ್ಕದಲ್ಲಿ ನಾಗಕ್ಕ. ಪರ್ವತಯ್ಯ ಹಿಂದಿನ ಸೀಟಿಗೆ ನುಸುಳಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

ಊರು ದಾಟಿ ಕೆರೆಯ ಏರಿ ಮುಗಿಯಿತು. ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತಿತ್ತು, ಕಾರು ತೊಟ್ಟಿಕ್ಕದೆ ಓಡುತ್ತಿತ್ತು, ಅವನಿಗೆ ಮೂರು ವಾರದಲ್ಲಿ ಮೊದಲ ಸಲ ಹಸಿವಾಯಿತು. ಮುಂದಿನ ಸೀಟಿನಿಂದ ನಾಗಕ್ಕ, ತಿರುಗಿ ನೋಡದೆ, ಅಷ್ಟು ಸಿಟ್ಟು ಯಾಕೆ ಬಂತು ಆವತ್ತು, ಪೈಪ್ ಹಾಕುವಂಥ ಸಿಟ್ಟು ಎಂದು ಕೇಳಿದಳು. ಇನ್ನೇನು ಮುಚ್ಚಿಡುವುದಿದೆ ಎಂದು ಪರ್ವತಯ್ಯ ಎಲ್ಲ ಹೇಳಿದ. ಹೊಸಿಲು, ಮೊರ, ಅವಳು ತಲೆ ಎತ್ತದೆ ಹೇಳಿದ ಮಾತು, ತಾನು ಅದನ್ನು ಬಿಡಿಸಿದ ರೀತಿ. ಎರಡೂ ವಿಗ್ರಹಗಳನ್ನು ವಿವರಿಸಿದ, ತುಪ್ಪ ಬೇಡವೆಂದದ್ದನ್ನೂ ಬಿಡಲಿಲ್ಲ. ಅರ್ಧಕ್ಕೇ ಯತ್ತಪ್ಪನಿಗೆ ನಗು ತಡೆಯಲಾಗದೆ ಕಾರು ರಸ್ತೆಯ ಅಂಚಿಗೆ ಹೋಗಿ ಬಂತು. ನಿಲ್ಲಿಸಿ ಕಣ್ಣೊರೆಸಿಕೊಂಡು ಮತ್ತೆ ಹೊರಡಿಸಿದ. ಪರ್ವತಯ್ಯನೂ ನಕ್ಕ, ಈ ಸಲ ಒಳಗೆ ಉರಿಯದೆ ನಕ್ಕ. ನಾಗಕ್ಕ ನಗಲಿಲ್ಲ.  ಆಮೇಲೆ ಸೀಟಿನ ಮೇಲೆ ಕೈಯಿಟ್ಟು ಪೂರ್ತಿ ಹಿಂದಕ್ಕೆ ತಿರುಗಿದಳು.

"ಅಂಗಾರೆ ಈ ಇಪ್ಪತ್ತೆರಡು ವರ್ಸದಾಗೆ ನಾನ್ ಹೇಳಿದ್ ಮಾತ್ನೆಲ್ಲ ನೀವು ಹೆಂಗೆಂಗೆ ಅರ್ಥ ಮಾಡ್ಕಂಡಿದೀರಿ?"

ಪರ್ವತಯ್ಯ ಬಾಯಿ ತೆರೆದ. ಮಧುಗಿರಿ ಇನ್ನೂ ಇಪ್ಪತ್ತು ಮೈಲಿ ಇತ್ತು.